ಕಾಲು ನೆನೆಸಿದ ನೀರು

ಫೆಬ್ರವರಿ ೯, ಸೋಮವಾರ

ನಿಂಬೆಗಿಡದ ಎಲೆ ಹಳದಿಯಾಗಿದೆ. ಬರೆದಿಡುವಂಥ ವಿಷಯವೇನಲ್ಲ. ಆದರೆ ಇಂಥದ್ದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದ ನನ್ನವಳು ಹೋಗಿ ತಿಂಗಳಾಯಿತು. ಗೋಡೆಗೆ ಹೇಳೋಣವೆಂದರೆ ಪಕ್ಕದ ಮನೆಯವರಿಗೆ ಕಿವಿ ಬಹಳ ಚುರುಕು. ಔಷಧಿ ಅಂಗಡಿಯವನು ಹೊಸ ವರ್ಷಕ್ಕೆ ಕೊಟ್ಟ ಡೈರಿ ಖಾಲಿ ಬಿದ್ದಿತ್ತು. ವರ್ಷವಿಡೀ ಅವನ ಅಂಗಡಿ ಮೆಟ್ಟಿಲು ಸವೆಸಿದ್ದಕ್ಕೆ ಸಿಕ್ಕ ಬಹುಮಾನ. ಇದರಲ್ಲೇ ಹೇಳಿಕೊಳ್ಳುತ್ತೇನೆ.

ಹಳದಿ ಎಂದರೆ ಪೂರ್ತಿ ಹಳದಿಯಲ್ಲ. ಕೆಳಗಿನ ಹಳೆಯ ಎಲೆಗಳು ಅಂಚಿನಿಂದ ಹಳದಿಯಾಗುತ್ತ ಬಂದಿವೆ. ತೊಟ್ಟಿನ ಹತ್ತಿರ ಮಾತ್ರ ಒಂದು ತ್ರಿಕೋನದಷ್ಟು ಹಸಿರು ಉಳಿದಿದೆ. ಮೇಲಿನ ಕೊಂಬೆಯಲ್ಲಿ ಒಂದೇ ಒಂದು ಕಾಯಿ. ಅವಳು ಹೋಗುವಾಗ ಗೋಲಿಯಷ್ಟಿತ್ತು, ಈಗ ನೆಲ್ಲಿಕಾಯಿಯಷ್ಟಾಗಿದೆ. "ಇದು ಹಣ್ಣಾಗೋದನ್ನ ನೋಡಬೇಕು ರೀ" ಅಂತಿದ್ದಳು. ಅವಳಿಗೆ ಆಗಲಿಲ್ಲ. ನಾನಾದರೂ ನೋಡಲೇಬೇಕು. ಸದ್ಯಕ್ಕೆ ನನಗೆ ಈ ಮನೆಯಲ್ಲಿ ಬೇರೆ ಕೆಲಸ ಕಾಣುತ್ತಿಲ್ಲ.

ಗಿಡಕ್ಕೆ ಏನಾಗಿದೆ ಎಂದು ನನಗೆ ಗೊತ್ತು. ಅದಕ್ಕೆ ಅವಳ ಕಾಲು ನೆನೆಸಿದ ನೀರು ಸಿಗುತ್ತಿಲ್ಲ.

ಹೋದ ವರ್ಷ ಅವಳ ಕಾಲು ಊದಿಕೊಳ್ಳಲು ಶುರುವಾಯಿತು. ಕಿಡ್ನಿ ಅಂದರು. ಬಿಸಿನೀರಿಗೆ ಎಪ್ಸಮ್ ಉಪ್ಪು ಹಾಕಿ ಕಾಲು ಇಳಿಬಿಟ್ಟರೆ ಊತ ಇಳಿಯುತ್ತದೆ ಎಂದು ಔಷಧಿ ಅಂಗಡಿಯವನು ಹೇಳಿದ. ಡಾಕ್ಟರು "ಹಿತ ಅನ್ನಿಸಿದ್ರೆ ಮಾಡಿ" ಎಂದು ಸುಮ್ಮನಾದರು. ನಾನು ಒಂದು ಮೂಟೆಯನ್ನೇ ತಂದುಬಿಟ್ಟೆ. ಸಂಜೆ ಮನೆ ಮುಂದಿನ ನನ್ನ ಚಪ್ಪಲಿ ಹೊಲಿಯುವ ಅಂಗಡಿಯಿಂದ ಎದ್ದು ಬಂದು ನೀರು ಕಾಯಿಸುವುದು, ಟಬ್ಬಿಗೆ ಎರಡು ಹಿಡಿ ಉಪ್ಪು ಹಾಕುವುದು, ಅವಳ ಕಾಲೆತ್ತಿ ಇಡುವುದು, ಎದುರಿಗೆ ಕೂತು ಹರಟುವುದು. "ಇದನ್ನ ಗಿಡಕ್ಕೂ ಹಾಕ್ತಾರೆ, ಚೆಲ್ಲಬೇಡಿ" ಎಂದೂ ಔಷಧಿ ಅಂಗಡಿಯವನೇ ಹೇಳಿದ್ದ. ಹಾಗಾಗಿ ನೀರು ತಣ್ಣಗಾದ ಮೇಲೆ ಟಬ್ಬು ಹೊತ್ತು ಹಿಂಬದಿಯ ಸಿಮೆಂಟು ಅಂಗಳದಲ್ಲಿ ಗಿಡದ ಕುಂಡದ ಪಕ್ಕ ಇಟ್ಟು, ಮುಂದಿನ ಅಂಗಡಿಯ ಬಾಗಿಲು ಎಳೆಯಲು ಹೋಗುತ್ತಿದ್ದೆ. ನನ್ನ ನಾದಿನಿ, ಅವಳ ತಂಗಿ, ಇಸ್ತ್ರಿ ಅಂಗಡಿ ಕೆಲಸ ಮುಗಿಸಿ ಬಂದಿರುತ್ತಿದ್ದಳು. ನೀರು ಹೊಯ್ಯುವುದು ಅವಳ ಪಾಲು. ಬಾಗಿಲಿಗೆ ಬೀಗ ಹಾಕುವಾಗ ಹಿಂದಿನಿಂದ ದಬದಬ ಸದ್ದು ಕೇಳುತ್ತಿತ್ತು. ಸಂತೋಷವಾಗುತ್ತಿತ್ತು. ಆ ವರ್ಷ ನಮ್ಮ ಮನೆಯಲ್ಲಿ ಕೇಳಿದ ಒಳ್ಳೆಯ ಸದ್ದು ಅದೊಂದೇ.

ಅದಕ್ಕೇ ತಾನೆ ಅಷ್ಟು ವರ್ಷ ಹೂ ಬಿಡದ ಗಿಡ ಹೂ ಬಿಟ್ಟದ್ದು.

ಫೆಬ್ರವರಿ ೧೦, ಮಂಗಳವಾರ

ಸಂಜೆ ನೀರು ಕಾಯಿಸಿದೆ. ಎರಡು ಹಿಡಿ ಉಪ್ಪು ಹಾಕಿ ಕದಡಿದೆ. ಅವಳ ಕುರ್ಚಿಯ ಮುಂದೆ ಟಬ್ಬಿಟ್ಟು ಎದುರಿಗೆ ಮಣೆಯ ಮೇಲೆ ಕೂತೆ. ಕಾಯಿಸುವ ಅಗತ್ಯವಿರಲಿಲ್ಲ. ಗಿಡಕ್ಕೇನು ಕೀಲುನೋವೇ? ಆದರೆ ತಣ್ಣೀರಿಗೆ ಹಾಕಲು ಕೈ ಬರಲಿಲ್ಲ.

ಕುರ್ಚಿಗೆ ಇವತ್ತಿನ ವರದಿ ಒಪ್ಪಿಸಿದೆ. ಅಂಚೆಯಣ್ಣ ಬಂದಿದ್ದ, ಅವನ ಬೂಟು ಮತ್ತೆ ಬಾಯಿ ಬಿಟ್ಟಿದೆ, ಮೊಸಳೆ ಹಾಗೆ. ಅಂಗಡಿ ಇನ್ನೂ ತೆರೆದಿಲ್ಲ ಎಂದು ಕಳಿಸಿದೆ. ಬಾಗಿಲು ಅರ್ಧ ಎತ್ತಿತ್ತು, ಒಳಗೆ ನಾನೇ ಕೂತಿದ್ದೆ, ಆದರೂ ಅವನು ಬೂಟು ಎಳೆಯುತ್ತ ಹೋದ.

ನೀರು ತಣ್ಣಗಾಯಿತು. ಗಿಡದ ಬುಡಕ್ಕೆ ನಾನೇ ಹೊಯ್ದೆ.

ಫೆಬ್ರವರಿ ೧೪, ಶನಿವಾರ

ಒಂದು ಹಳದಿ ಎಲೆ ಕಿತ್ತುಕೊಂಡು ನರ್ಸರಿಗೆ ಹೋಗಿದ್ದೆ. ಅಲ್ಲಿಯ ಅಮ್ಮ ದಪ್ಪ ಕನ್ನಡಕದವಳು, ಬಾಯಿಗೆ ಬೀಗವಿಲ್ಲ. ಎಲೆಯನ್ನು ಬೆಳಕಿಗೆ ಹಿಡಿದು, "ಇದಕ್ಕೆ ಮೆಗ್ನೀಸಿಯಂ ಸಾಲದು. ಎಪ್ಸಮ್ ಉಪ್ಪು ಹಾಕಿ" ಅಂದಳು.

"ಅದನ್ನೇ ಹಾಕ್ತಿದ್ದೀನಿ" ಅಂದೆ.

"ಹಾಗಾದ್ರೆ ಸರಿ. ನನ್ನ ತಲೆ ಯಾಕೆ ತಿಂತೀರಿ?"

ನನಗೆ ಅಷ್ಟೇ ಬೇಕಿತ್ತು. ಎಷ್ಟು ಹಾಕುತ್ತೀರಿ ಎಂದು ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ. ದಾರಿಯುದ್ದಕ್ಕೂ ಗೆದ್ದವನಂತೆ ನಡೆದು ಬಂದೆ. ಮನೆ ಬಾಗಿಲು ತಳ್ಳಿ "ಕೇಳಿದ್ಯೇನೇ" ಎಂದು ಕೂಗಿಯೂ ಬಿಟ್ಟೆ.

ಆಮೇಲೆ ಹೊಸಿಲ ಮೇಲೆಯೇ ಸ್ವಲ್ಪ ಹೊತ್ತು ನಿಂತಿದ್ದೆ.

ಫೆಬ್ರವರಿ ೨೨, ಭಾನುವಾರ

ನಾದಿನಿ ಬಂದಿದ್ದಳು, ಡಬ್ಬಿಯಲ್ಲಿ ಊಟ ತಂದಿದ್ದಳು. ನಾನು ತಿಂದೆನೋ ಇಲ್ಲವೋ ಎಂದು ಹಳೆಯ ಡಬ್ಬಿ ತೆರೆದು ನೋಡಿದಳು. ಅಕ್ಕ ಮಾತಿನ ಮಲ್ಲಿ, ತಂಗಿ ಬಾಯಿ ಬಿಟ್ಟರೆ ಮುತ್ತು ಉದುರುತ್ತದೆ ಅನ್ನುವವಳು.

ಅಂಗಡಿಯ ಮೂಲೆಯಲ್ಲಿರುವ ಚಪ್ಪಲಿಯನ್ನು ನೋಡಿದಳು. ಒಂಟಿ ಚಪ್ಪಲಿ. ಎಡಗಾಲಿನದು ಮುಗಿದಿದೆ, ಬಲಗಾಲಿನದಕ್ಕೆ ತಳದ ಅಟ್ಟೆ ಮಾತ್ರ ಕತ್ತರಿಸಿದ್ದೆ. ನನ್ನವಳ ಕಾಲು ಊದಿದಂತೆಲ್ಲ, ಅವಳ ಪಾದದ ಅಳತೆಯ ಮರದ ಅಚ್ಚಿನ ಮೇಲೆ ತೊಗಲಿನ ಚೂರು ಅಂಟಿಸಿ ದಪ್ಪ ಮಾಡಿಕೊಂಡು, ಹೊಸ ಜೊತೆ ಹೊಲಿಯುತ್ತಿದ್ದೆ. ಒಂದು ಮುಗಿಸುವಷ್ಟರಲ್ಲಿ ಕಾಲು ಇನ್ನಷ್ಟು ಊದಿರುತ್ತಿತ್ತು. ಈ ಓಟದಲ್ಲಿ ನಾನು ಒಮ್ಮೆಯೂ ಗೆಲ್ಲಲಿಲ್ಲ.

ಸಂಜೆ ನಾನು ನೀರು ಕಾಯಿಸಲು ಇಟ್ಟೆ. ಉಪ್ಪು ಹಾಕುವಾಗ ನಾದಿನಿ ಬಂದು ನಿಂತಳು.

"ಭಾವ, ಇದು ಯಾರಿಗೆ?"

"ಗಿಡಕ್ಕೆ. ಮತ್ಯಾರಿಗೆ?"

"ಅಷ್ಟೊಂದು ಬೇಡ ಭಾವ."

"ನಿಮ್ಮಕ್ಕ ಇದ್ದಾಗ ಇಷ್ಟೇ ಹಾಕ್ತಿದ್ದದ್ದು. ನಿನ್ನ ಕೈಯಿಂದಲೇ ಹೊಯ್ದಿದ್ದೀಯ. ಆಗ ಬೇಡ ಅನ್ನಲಿಲ್ಲ, ಈಗೇನು?"

ಅವಳು ಟಬ್ಬಿನ ಅಂಚು ಹಿಡಿದು, "ಇವತ್ತು ಬರೀ ನೀರು ಹಾಕೋಣ. ನಾನೇ ಹಾಕ್ತೀನಿ. ಬೇಕಿದ್ರೆ ಗಿಡಾನ ಸ್ವಲ್ಪ ದಿನ ನಮ್ಮನೆಗೆ ತಗೊಂಡು ಹೋಗ್ತೀನಿ" ಅಂದಳು.

ನನಗೆ ಎಲ್ಲಿತ್ತೋ ಕೋಪ. "ಅಕ್ಕನ ಸೀರೆ ತಗೊಂಡಾಯ್ತು. ಈಗ ಗಿಡದ ಮೇಲೂ ಕಣ್ಣಾ?" ಅಂದುಬಿಟ್ಟೆ.

ಸೀರೆಗಳನ್ನು ನಾನೇ ಕಟ್ಟಿ ಅವಳ ಕೈಗೆ ಕೊಟ್ಟಿದ್ದು. ಅವಳು ಬೇಡ ಬೇಡ ಅಂದಿದ್ದಳು.

ಟಬ್ಬು ಬಿಟ್ಟು ಕೈ ಒರೆಸಿಕೊಂಡಳು. "ಊಟ ಮಾಡಿ ಭಾವ, ಆರಿಹೋಗತ್ತೆ" ಎಂದು ಹೋದಳು.

ಫೆಬ್ರವರಿ ೨೩, ಸೋಮವಾರ

ನಾನು ತಪ್ಪೇನೂ ಹೇಳಲಿಲ್ಲ. ಊಟ ಮಾಡಲಿಲ್ಲ.

ಮಾರ್ಚ್ ೪, ಬುಧವಾರ

ಎಲೆ ಹಸಿರಾಗುವ ಬದಲು ಅಂಚು ಕಂದಾಗುತ್ತಿದೆ, ಇಸ್ತ್ರಿಪೆಟ್ಟಿಗೆ ತಾಗಿದ ಬಟ್ಟೆಯಂತೆ. ಮುಟ್ಟಿದರೆ ಪುಡಿಯಾಗುತ್ತದೆ. ಮಣ್ಣಿನ ಮೇಲೆ ಬೆಳ್ಳಗೆ ಏನೋ ಕಟ್ಟಿಕೊಂಡಿದೆ. ಕಾಯಿ ಮಾತ್ರ ಗಟ್ಟಿಯಾಗಿ ಕೂತಿದೆ.

ಒಂದು ತಿಂಗಳು ಉಪವಾಸ ಕೆಡವಿದ್ದೆನಲ್ಲ, ಬಾಕಿ ತುಂಬಿಕೊಡಬೇಕು. ಇವತ್ತಿನಿಂದ ಮೂರು ಹಿಡಿ.

ನಾದಿನಿ ಬಂದಿಲ್ಲ. ಅವಳ ಎರಡೂ ಡಬ್ಬಿ ಇಲ್ಲೇ ಇವೆ. ತೊಳೆದಿಟ್ಟಿದ್ದೇನೆ. ಬೇಕಿದ್ದರೆ ಬಂದು ತೆಗೆದುಕೊಂಡು ಹೋಗಲಿ.

ಅಂಚೆಯಣ್ಣ ಕಿಟಕಿಯಿಂದ ಬೂಟನ್ನು ಒಳಗೆಸೆದು ಓಡಿಹೋದ. ಬರಿಗಾಲಲ್ಲಿ ಕಾಗದ ಹಂಚುತ್ತಾನಂತೆ, ಪಾಪ ನನ್ನ ತಲೆಗೆ ಬರುತ್ತದಂತೆ. ನಿರ್ವಾಹವಿಲ್ಲದೆ ಹೊಲಿದೆ. ಹೊಲಿಗೆಯ ಹುರಿಗೆ ಮೇಣ ಉಜ್ಜಿ ಎರಡು ಸಾಲು ಹಾಕಿದೆ.

ಮಾರ್ಚ್ ೧೨, ಗುರುವಾರ

ಕಾಯಿ ಬಿದ್ದಿದೆ.

ಬೆಳಿಗ್ಗೆ ಹಲ್ಲುಜ್ಜುತ್ತ ಹಿಂದೆ ಹೋದಾಗ ಸಿಮೆಂಟಿನ ಮೇಲೆ, ಮೋರಿಯ ಬಾಯಿಯ ಹತ್ತಿರ ಬಿದ್ದಿತ್ತು. ಗಾಳಿಯೂ ಇರಲಿಲ್ಲ, ಕಾಗೆಯೂ ಬಂದಿರಲಿಲ್ಲ. ತನ್ನಷ್ಟಕ್ಕೆ ತಾನೇ ಬಿಟ್ಟುಕೊಟ್ಟಿದೆ. ಕೈಗೆತ್ತಿಕೊಂಡೆ. ಹಸಿರು. ಎಲ್ಲೂ ಒಂದು ಚುಕ್ಕಿ ಹಳದಿಯಿಲ್ಲ.

ಅವಳು ಹೋದ ದಿನ ನಾನು ಅಳಲಿಲ್ಲ. ಜನ ಇದ್ದರು, ಕೆಲಸ ಇತ್ತು, ಕುರ್ಚಿ ಸಾಲದೆ ಪಕ್ಕದ ಮನೆಯಿಂದ ತರಬೇಕಿತ್ತು. ಗಂಡಸು ಗಟ್ಟಿ ಇದ್ದಾನೆ ಅಂದರು. ಇವತ್ತು ಬಾಯಲ್ಲಿ ಹಲ್ಲುಪುಡಿಯ ನೊರೆ ಇಟ್ಟುಕೊಂಡು, ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು, ಒಂದು ನಿಂಬೆಕಾಯಿಗಾಗಿ ಅತ್ತೆ. ಪಕ್ಕದ ಮನೆಯವರು ಕೇಳಿಸಿಕೊಂಡರೆ ಕೇಳಿಸಿಕೊಳ್ಳಲಿ.

ಮಾರ್ಚ್ ೧೩, ಶುಕ್ರವಾರ

ಇಲ್ಲ, ಏನೂ ಬರೆಯಲಾರೆ.

ಮಾರ್ಚ್ ೧೫, ಭಾನುವಾರ

ನರ್ಸರಿಯಮ್ಮನ ಜೊತೆ ಜಗಳಕ್ಕೆಂದೇ ಹೋದೆ. ಸುಟ್ಟ ಎಲೆಗಳನ್ನು ಅವಳ ಮೇಜಿನ ಮೇಲೆ ಸುರಿದು, "ನೀವು ಹೇಳಿದ ಉಪ್ಪೇ ಹಾಕಿದ್ದು. ನೋಡಿ ಏನಾಗಿದೆ" ಅಂದೆ.

"ಎಷ್ಟು ಹಾಕಿದ್ರಿ?"

ಹಿಡಿ ತೋರಿಸಿದೆ. ಮೂರು ಸಲ ತೋರಿಸಿದೆ.

"ತಿಂಗಳಿಗಾ?"

"ದಿನಾ."

ಕನ್ನಡಕ ತೆಗೆದು ನನ್ನನ್ನೇ ನೋಡಿದಳು. "ಅಲ್ರೀ ಯಜಮಾನ್ರೇ, ಗಿಡ ಬೆಳೆಸ್ತಿದ್ದೀರಾ ಇಲ್ಲ ಉಪ್ಪಿನಕಾಯಿ ಹಾಕ್ತಿದ್ದೀರಾ? ಕುಂಡದ ಗಿಡಕ್ಕೆ ಒಂದು ಬಕೆಟ್ ನೀರಿಗೆ ಒಂದು ಚಮಚ ಸಾಕು, ಅದೂ ತಿಂಗಳಿಗೊಂದು ಸಲ. ಬೇರು ಬೆಂದುಹೋಗಿರತ್ತೆ."

"ನನ್ನ ಹೆಂಡತಿ ದಿನಾ ಎರಡು ಹಿಡಿ ಉಪ್ಪಿನ ನೀರು ಹಾಕಿಸ್ತಿದ್ದಳು. ಹತ್ತಿರ ಹತ್ತಿರ ಒಂದು ವರ್ಷ. ಹೂ ಬಿಡ್ತು, ಕಾಯಿ ಕಚ್ಚಿತು."

"ಆಗೋ ಮಾತಾಡಿ. ಹಾಗೆ ಹಾಕಿದ್ರೆ ಎರಡು ತಿಂಗಳಿಗೇ ಹೋಗ್ತಿತ್ತು. ಈಗ ನಿಮ್ಮ ಕೈಯಲ್ಲಿ ಹೋಗ್ತಿಲ್ವಾ, ಹಾಗೇ."

"ನಾನೇನು ಸುಳ್ಳು ಹೇಳ್ತಿದ್ದೀನಾ?"

"ನೀವು ಹೇಳ್ತಿಲ್ಲ. ಯಾರೋ ನಿಮಗೆ ಹೇಳಿರಬೇಕು" ಅಂದಳು. ಆಮೇಲೆ ಅವಳಿಗೇ ಏನನ್ನಿಸಿತೋ, ದನಿ ಇಳಿಸಿ, "ಉಪ್ಪು ತಿಂದವನು ನೀರು ಕುಡೀಲೇಬೇಕು. ಬರೀ ನೀರು ಹಾಕಿ, ಕುಂಡದ ತಳದಿಂದ ಸುರಿದು ಹೋಗೋ ತನಕ ಹಾಕಿ. ಉಪ್ಪು ತೊಳೆದು ಹೋಗಲಿ. ಬದುಕೋದು ಬಿಡೋದು ಅದರ ಹಣೆಬರಹ" ಅಂದಳು. ಹೊರಡುವಾಗ ಒಂದು ಹೊಸ ನಿಂಬೆಸಸಿ ತೋರಿಸಿ ಬೇಕಾ ಅಂತಲೂ ಕೇಳಿದಳು. ವ್ಯಾಪಾರ ಬಿಟ್ಟವಳಲ್ಲ.

ಮನೆಗೆ ಬಂದಾಗಿನಿಂದ ಒಂದೇ ಯೋಚನೆ. ನಾನು ಉಪ್ಪು ಹಾಕಿದ್ದು ನಿಜ. ಟಬ್ಬು ಹೊತ್ತದ್ದು ನಿಜ. ಹೊಯ್ಯುವ ಸದ್ದು ಈ ಕಿವಿಯಿಂದಲೇ ಕೇಳಿದ್ದೇನೆ. ಹಾಗಿದ್ದೂ ಗಿಡ ಬದುಕಿತ್ತು. ಅದು ಹೇಗೆ?

ಗೊತ್ತಿರುವವಳು ನಾದಿನಿ ಒಬ್ಬಳೇ. ಅವಳಿಗೆ ನಾನು ಆ ಮಾತು ಅಂದು ಕೂತಿದ್ದೇನೆ.

ಮಾರ್ಚ್ ೧೭, ಮಂಗಳವಾರ

ಡಬ್ಬಿ ಕೊಡುವ ನೆಪ ಮಾಡಿಕೊಂಡು ಇಸ್ತ್ರಿ ಅಂಗಡಿಗೆ ಹೋದೆ. ಇಷ್ಟು ವರ್ಷದಲ್ಲಿ ಒಮ್ಮೆಯೂ ಒಳಗೆ ಕಾಲಿಟ್ಟಿರಲಿಲ್ಲ. ಉದ್ದನೆಯ ಮೇಜು, ಹಬೆ, ಗೋಡೆಯುದ್ದಕ್ಕೂ ಬೇರೆಯವರ ಅಂಗಿಗಳು. ಅವಳು ನಿಂತೇ ಕೆಲಸ ಮಾಡುತ್ತಿದ್ದಳು. ಕೂರಲು ಅಲ್ಲಿ ಜಾಗವೇ ಇಲ್ಲ.

ನನಗೆ ಜನ ಕಾಲಿನಿಂದ ಮೇಲಕ್ಕೆ ಪರಿಚಯ ಎಂದು ನನ್ನವಳು ನಗುತ್ತಿದ್ದಳು. ನಿಜ, ಮುಖ ಮರೆಯುತ್ತೇನೆ, ಕಾಲು ಮರೆಯುವುದಿಲ್ಲ. ಆದರೆ ನಾದಿನಿಯ ಕಾಲು ನೋಡಿದ್ದು ಇವತ್ತೇ. ಚಪ್ಪಲಿಯ ಪಟ್ಟಿ ಕಿತ್ತುಹೋಗಿ ಬಟ್ಟೆಯ ಅಂಚಿನಿಂದ ಕಟ್ಟಿಕೊಂಡಿದ್ದಳು. ಹಿಮ್ಮಡಿ ಒಡೆದಿತ್ತು. ಎರಡನೆಯ ಬೆರಳು ಹೆಬ್ಬೆರಳಿಗಿಂತ ಉದ್ದ, ಅಕ್ಕನ ಹಾಗೆಯೇ. ಅಂಥ ಬೆರಳಿನವಳು ಗಂಡನನ್ನು ಆಳುತ್ತಾಳೆ ಎಂದು ಮದುವೆಗೆ ಮುಂಚೆ ನಮ್ಮವ್ವ ಹೆದರಿಸಿದ್ದಳು. ಆಳಿದಳು. ಚೆನ್ನಾಗಿಯೇ ಆಳಿದಳು.

"ಕಾಯಿ ಬಿದ್ದುಹೋಯ್ತು" ಅಂದೆ.

ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಟ್ಟಳು.

"ಆವತ್ತು ಬಾಯಿಗೆ ಬಂದದ್ದು ಅಂದೆ. ತಪ್ಪಾಯ್ತು."

"ಬಿಡಿ ಭಾವ."

"ಒಂದು ಮಾತು ಕೇಳ್ತೀನಿ, ನಿಜ ಹೇಳು. ಆ ನೀರು ಗಿಡಕ್ಕೆ ಹಾಕ್ತಿದ್ಯಾ ಇಲ್ವಾ?"

ಒಂದು ಅಂಗಿಯ ತೋಳನ್ನು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು.

"ಮೊದಮೊದಲು ಒಂದೆರಡು ಸಲ ಹಾಕಿದೆ. ಎಲೆ ಹಸಿರಾಯ್ತು, ಮೊಗ್ಗು ಬಂತು. ಆಮೇಲೆ ಎಲೆ ತುದಿ ಸುಡೋಕೆ ಶುರುವಾಯ್ತು. ಅಕ್ಕ ನೋಡಿ, ಸಾಕು ಕಣೇ, ಇನ್ಮೇಲೆ ಮೋರಿಗೆ ಚೆಲ್ಲು ಅಂದಳು."

"ಮೋರಿಗಾ?"

"ದಿನಾ ಮೋರಿಗೇ ಭಾವ. ನೀವು ಬಾಗಿಲು ಹಾಕೋಕೆ ಹೋಗ್ತಿದ್ರಲ್ಲ, ಆಗ. ಬೆಳಿಗ್ಗೆ ಅಕ್ಕ ಮಣೆ ಮೇಲೆ ಕೂತು ಚೊಂಬಲ್ಲಿ ಬರೀ ನೀರು ಹಾಕ್ತಿದ್ದಳು. 'ನಿನ್ನ ಭಾವನಿಗೆ ಹೇಳಬೇಡ. ಟಬ್ಬು ಹೊತ್ಕೊಂಡು ಹೋಗುವಾಗ ಅವರ ಮುಖ ನೋಡಿದ್ದೀಯಾ? ಅದನ್ನ ಕಿತ್ಕೊಳ್ಳೋಕೆ ನನಗೆ ಮನಸ್ಸಿಲ್ಲ' ಅಂತ ಮಾತು ತಗೊಂಡಿದ್ದಳು. ಆವತ್ತು ಹೇಳೋಕೆ ಬಾಯಿಗೆ ಬಂತು. ಆಗಲಿಲ್ಲ."

ಹೊರಗೆ ಯಾರೋ ಬಟ್ಟೆ ಕೇಳಲು ಬಂದರು. ಕೊಟ್ಟು ಕಳಿಸಿ ಬಂದಳು.

"ಗಿಡ ಹಾಳಾಗಿಹೋಗಲಿ" ಅಂದೆ. "ಕಾಲಿಗಾದರೂ ಹಿತ ಆಗ್ತಿತ್ತು ತಾನೇ?"

ಅವಳು ತಲೆ ತಗ್ಗಿಸಿದಳು. "ಊತ ಇದರಿಂದ ಇಳಿಯಲ್ಲ ಅಂತ ಡಾಕ್ಟ್ರು ಅಕ್ಕನಿಗೆ ಮೊದಲೇ ಹೇಳಿದ್ರು."

"ಮತ್ತೆ ದಿನಾ ಯಾಕೆ ಕೂರ್ತಿದ್ದಳು?"

"ನೀವು ಎದುರಿಗೆ ಕೂರ್ತಿದ್ರಲ್ಲ ಭಾವ."

ಡಬ್ಬಿ ಮೇಜಿನ ಮೇಲಿಟ್ಟು ಬಂದುಬಿಟ್ಟೆ. ಹೇಗೆ ಬಂದೆನೋ ಗೊತ್ತಿಲ್ಲ. ಮೊದಲು ಸಿಟ್ಟು ಬಂತು. ಅಕ್ಕತಂಗಿ ಸೇರಿ ಒಂದು ವರ್ಷ ನನ್ನ ಕಿವಿಗೆ ಹೂವಿಟ್ಟರಲ್ಲ ಎಂದು. ಕುರ್ಚಿಯನ್ನು ನೋಡಿ ಬೈದೆ, ಗಟ್ಟಿಯಾಗಿಯೇ. ನನ್ನನ್ನು ಏನಂದುಕೊಂಡಿದ್ದೆ, ಮಗು ಅಂದುಕೊಂಡಿದ್ದೆಯಾ? ಕುರ್ಚಿ ಏನು ಹೇಳೀತು. ಬೈಗುಳ ಮುಗಿದ ಮೇಲೆ ಎದೆಯಲ್ಲಿ ಉಳಿದದ್ದು ಸಿಟ್ಟಲ್ಲ. ಸಾಯುತ್ತಿದ್ದವಳು ಅವಳು, ಸಮಾಧಾನ ಮಾಡಿಸಿಕೊಂಡವನು ನಾನು. ಇದನ್ನು ಹೇಗೆ ತಡೆದುಕೊಳ್ಳಲಿ?

ಮಾರ್ಚ್ ೨೯, ಭಾನುವಾರ

ಬೆಳಿಗ್ಗೆ ಕುಂಡಕ್ಕೆ ಬರೀ ನೀರು ಹೊಯ್ದೆ, ಹನ್ನೆರಡು ದಿನದಿಂದ ಹೊಯ್ಯುತ್ತಿರುವ ಹಾಗೆಯೇ. ತಳದ ತೂತಿನಿಂದ ಹರಿದು ಮೋರಿಗೆ ಹೋಗುತ್ತದೆ. ಬೆರಳಿಟ್ಟು ನಾಲಿಗೆಗೆ ಹಚ್ಚಿ ನೋಡುತ್ತೇನೆ. ಮೊದಲ ದಿನ ಕಹಿಯೋ ಕಹಿ. ಇವತ್ತು ಬರೀ ಮಣ್ಣಿನ ರುಚಿ. ಎಲೆ ಎಲ್ಲ ಉದುರಿದೆ. ಕೊಂಬೆಗಳನ್ನು ಉಗುರಿನಿಂದ ಕೆರೆದರೆ ಒಳಗೆ ಕಂದು. ಬುಡದ ಹತ್ತಿರ ಒಂದು ಕಡೆ ಮಾತ್ರ ಹಸಿರೋ ಏನೋ, ನನ್ನ ಕಣ್ಣಿನ ಆಸೆಯೋ. ಇನ್ನು ಕೆರೆಯುವುದಿಲ್ಲ. ಕೆರೆದು ಕೆರೆದೇ ಕೊಂದೇನು.

ಈ ವಾರ ಅಂಗಡಿಯಲ್ಲಿ ಉಸಿರಾಡಲು ಬಿಡುವಿರಲಿಲ್ಲ. ಅಂಚೆಯಣ್ಣ ಊರಿಗೆಲ್ಲ ಟಾಂಟಾಂ ಹೊಡೆದಿರಬೇಕು, ಬಾಯಿ ಬಿಟ್ಟ ಬೂಟುಗಳೆಲ್ಲ ಬಂದು ಸಾಲುಗಟ್ಟಿವೆ. ಇದ್ದದ್ದರಲ್ಲಿ ಬಿಡುವು ಮಾಡಿಕೊಂಡು ನನ್ನವಳ ಅಚ್ಚನ್ನು ಎತ್ತಿಕೊಂಡೆ. ಅಂಟಿಸಿದ್ದ ತೊಗಲಿನ ಚೂರುಗಳನ್ನು ಮೊಂಡು ಚಾಕುವಿನಿಂದ ಒಂದೊಂದಾಗಿ ಎಬ್ಬಿಸಿದೆ. ಕೊನೆಯ ದಿನಗಳದ್ದು ಮೊದಲು ಬಂತು, ಆಮೇಲೆ ಅದಕ್ಕಿಂತ ಹಿಂದಿನದು. ಎಲ್ಲ ಹೋದ ಮೇಲೆ ಒಳಗೆ ಅವಳ ಕಾಲು ಇತ್ತು, ನಾನು ಮೊದಲ ಸಲ ಅಳತೆ ತೆಗೆದಾಗ ಇದ್ದ ಕಾಲು. ಅಂಗೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಕೂತೆ. ಗಿರಾಕಿಯೊಬ್ಬರು ಕೆಮ್ಮಿದಾಗ ಎಚ್ಚರಾಯಿತು.

ಆ ಅಚ್ಚಿನ ಮೇಲೇ ಒಂದು ಜೊತೆ ಹೊಲಿದೆ. ನಾದಿನಿಯನ್ನು ಊಟದ ಡಬ್ಬಿಯಿಲ್ಲದೆ ಬಾ ಎಂದು ಹೇಳಿಕಳಿಸಿದ್ದೆ, ಡಬ್ಬಿ ಹಿಡಿದೇ ಬಂದಳು. ಚಪ್ಪಲಿ ಮುಂದಿಟ್ಟೆ. ಅಳತೆ ಕೊಟ್ಟಿಲ್ಲವಲ್ಲ ಎಂದಳು. ಹಾಕಿಕೊಂಡು ನೋಡು ಅಂದೆ. ಬೆರಳು ತೂರಿಸಿದಳು. ಕೂತಿತು, ಹೊಲಿಗೆ ಬಿಗಿಯಾಗದೆ, ಹಿಮ್ಮಡಿ ಜಾರದೆ. ಅವಳಿಗೆ ತಟ್ಟನೆ ತಿಳಿಯಿತು. "ಅಕ್ಕನ ಅಚ್ಚಾ ಭಾವ?" ಎಂದು ಕೇಳಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಹೂಂ ಅಂದು ಎದ್ದು ಒಲೆಯ ಕಡೆ ಹೋದೆ.

ಮೂಟೆಯಲ್ಲಿ ಉಪ್ಪು ಇನ್ನೂ ಉಳಿದಿತ್ತು. ದಿನವಿಡೀ ನಿಲ್ಲುವವಳು, ಒಡೆದ ಹಿಮ್ಮಡಿ. ನೀರು ಕಾಯಿಸಿ, ಒಂದು ಹಿಡಿ ಹಾಕಿ, ಟಬ್ಬನ್ನು ಅವಳ ಮುಂದಿಟ್ಟೆ. "ಅಯ್ಯೋ, ನನಗ್ಯಾಕೆ?" ಎಂದು ಎದ್ದು ನಿಂತಳು.

"ಕೂತ್ಕೋ. ಇದರಿಂದ ಏನೂ ಆಗಲ್ಲ ಅಂತ ನನಗೂ ಗೊತ್ತು" ಅಂದೆ. ಅಳುತ್ತಿದ್ದವಳು ನಕ್ಕುಬಿಟ್ಟಳು. ಕುರ್ಚಿಯ ಮೇಲೆ ಕೂತು, ಕಾಲು ಇಳಿಬಿಟ್ಟು, ಕಣ್ಣು ಮುಚ್ಚಿಕೊಂಡಳು.

ನಾನು ಎದುರಿಗೆ ಕೂರಲಿಲ್ಲ. ಅಂಗಡಿಗೆ ಹೋಗಿ ಹತಾರಗಳನ್ನು ಎತ್ತಿಡುತ್ತಿದ್ದೆ. ಬಾಗಿಲು ಎಳೆದು ಬೀಗ ಹಾಕುವಾಗ ಹಿಂದಿನಿಂದ ಅವಳ ದನಿ ಬಂತು.

"ಭಾವ, ಈ ನೀರು ಎಲ್ಲಿಗೆ ಹಾಕಲಿ?"

"ಮೋರಿಗೆ" ಅಂದೆ.

ದಬದಬ ಸುರಿದಳು. ಅದೇ ಸದ್ದು. ವರ್ಷವಿಡೀ ಇದೇ ಬೀಗ ಹಿಡಿದು ಇಲ್ಲೇ ನಿಂತು, ಗಿಡ ನೀರು ಕುಡಿಯುತ್ತಿದೆ ಎಂದುಕೊಂಡು ನಾನು ಕೇಳುತ್ತಿದ್ದ ಸದ್ದು. ಆಗ ನನ್ನವಳು ಒಳಗೆ ಕುರ್ಚಿಯಲ್ಲಿ ಕೂತು, ಒದ್ದೆ ಕಾಲು ಒರೆಸಿಕೊಳ್ಳುತ್ತ, ನಾನು ಖುಷಿಯಾಗಿ ಒಳಗೆ ಬರಲಿ ಎಂದು ಕಾಯುತ್ತಿದ್ದಳು.